ಬಾವಿಗೆ ಹೇಳಿದ ಹೆಸರು

ಗಂಡನ ಗೋರಿಯ ಮೇಲಿಟ್ಟ ಕಲ್ಲನ್ನು ಯಾವನೋ ಎತ್ತಿಕೊಂಡು ನೆಕ್ಕುತ್ತಿದ್ದ.

ಮೆಹರಾಜ ಖಬರಸ್ತಾನದ ಬೇಲಿಯ ಹತ್ತಿರವೇ ನಿಂತುಬಿಟ್ಟಳು. ಗುರುವಾರದ ಇಳಿಹೊತ್ತು. ಸೆರಗಿನ ಗಂಟಿನಲ್ಲಿ ಈ ವಾರದ ಕಲ್ಲು ಇತ್ತು. ಎದುರಿಗೆ ಖಾಕಿ ಚಣ್ಣದ, ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡ ಎತ್ತರದ ಆಸಾಮಿ. ಒದ್ದೆಯಾದ ಕಲ್ಲನ್ನು ಬಿಸಿಲಿಗೆ ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದ.

"ಹಸಿವಾಗಿದ್ರ ಊರಾಗ ರೊಟ್ಟಿ ಸಿಗತಾವ್ರಿ," ಎಂದಳು. "ಕಲ್ಲು ಯಾಕ ತಿನ್ನಾಕತ್ತೀರಿ?"

ಅವನು ಬೆಚ್ಚಿ ತಿರುಗಿದ. "ತಿನ್ನಾಕತ್ತಿಲ್ರಿ. ಹಸಿ ಮಾಡಿದ್ರ ಖರೇ ಬಣ್ಣ ಕಾಣತೈತಿ."

"ಅದು ನಮ್ಮ ಮನಿಯವರ ಗೋರಿ. ಇದ್ದಲ್ಲೇ ಇಡ್ರಿ."

ಅವನ ನಗು ಆರಿತು. ಕಲ್ಲನ್ನು ಅಂಗಿಯಿಂದ ಒರೆಸಿ, ಮಲಗಿದ ಕೂಸನ್ನು ತೊಟ್ಟಿಲಿಗಿಡುವಂತೆ ಅದರ ಜಾಗಕ್ಕೇ ಇಟ್ಟ. ಆ ಮೆತ್ತಗಿನ ಕೈಯನ್ನು ಮೆಹರಾಜ ನೋಡಿದಳು. ನೋಡಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಅವನ ಹೆಸರು ದಾವಲಮಲಿಕ, ಆಲಮೇಲದವನು. ಧಾರವಾಡದಲ್ಲಿ ಕಲ್ಲು-ಮಣ್ಣಿನ ಶಾಸ್ತ್ರ ಓದಿ ಸರ್ಕಾರದ ಶೋಧ ಪಾರ್ಟಿಗೆ ಸೇರಿದ್ದ. ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಪಾರ್ಟಿ ಮುದ್ದೇಬಿಹಾಳದಾಚೆ, ನಾಲತವಾಡದ ಕಡೆಯ ಕಗ್ಗಲ್ಲ ಗುಡ್ಡದ ಬುಡದಲ್ಲಿ ಡೇರೆ ಹೊಡೆದಿತ್ತು. ಅವರು ಹುಡುಕುತ್ತಿದ್ದುದು ಬೆರಿಲ್ ಎಂಬ ಹಸಿರು ಹರಳು. ಆರು ಮುಖದ ಆ ಹರಳಿನೊಳಗೆ ಅಪರೂಪದ ಹಗುರ ಲೋಹ ಅಡಗಿರುತ್ತದೆ.

"ಮೊದಲನೇದು ಹಳ್ಳದಾಗ ಸಿಕ್ತು," ಎಂದ. "ನೀರು ಹರಳನ್ನ ಇಳಿಜಾರಿಗೇ ಒಯ್ಯತೈತಿ. ಆಯ್ಕೋತ ಏರಿದ್ರ ಹುಟ್ಟಿದ ಜಾಗ ಸಿಗಬೇಕು. ಅದ ನಮ್ಮ ಕಸಬು. ಏರಿ ಏರಿ ಇಲ್ಲಿಗೆ ಬಂದೇನಿ. ಬೇಲಿ ಕೆಳಗ ಅಗಿಸಿದ್ರ ಬರೇ ಗರಸು ಮಣ್ಣು. ಆದ್ರೂ ಇಲ್ಲೇ ಐತಿ ಅಂತ ನಮ್ಮ ಸಾಹೇಬ್ರಿಗೆ ತಂತಿ ಕಳಿಸೇನ್ರಿ."

ಮೆಹರಾಜಳ ತುಟಿ ಅದುರಿತು. ತಡೆಯಲು ನೋಡಿದಳು, ಆಗಲಿಲ್ಲ. ಗೋರಿಗಳ ನಡುವೆ ನಿಂತು ನಕ್ಕುಬಿಟ್ಟಳು.

"ಅವು ನಾನು ಇಟ್ಟ ಕಲ್ಲುರಿ. ಗುರುವಾರಕ್ಕೊಂದು ತಂದು ಇಡತೇನಿ. ಮಳಿ ಬಂದ್ರ ಉರುಳಿ ಹಳ್ಳಕ್ಕ ಹೋಗತಾವು. ನೀವು ಗಣಿ ಹುಡಿಕಿಲ್ಲ, ನನ್ನ ಬೆನ್ನ ಹತ್ತಿ ಬಂದೀರಿ."

ದಾವಲಮಲಿಕನ ಕಿವಿಯ ತುದಿ ಕೆಂಪಾಯಿತು. ಮೆಲ್ಲಗೆ ಕೇಳಿದ, "ನಿಮಗ ಎಲ್ಲಿ ಸಿಕ್ಕಾವು?"

ಅವಳ ನಗು ನಿಂತಿತು. ತಂದ ಕಲ್ಲನ್ನು ಗೋರಿಗೆ ಇಡುವುದನ್ನೂ ಮರೆತು ಹೊರಟುಹೋದಳು.

*

ಆ ಹರಳುಗಳು ಹುಟ್ಟಿದ್ದು ಅವಳ ಹೊಲದ ಬಾವಿಯಲ್ಲಿ.

ಮದುವೆಯಾದ ವರ್ಷ ಗಂಡ ಬಾವಿ ತೋಡತೊಡಗಿದ್ದ. ಸಂಜೆ ಮನೆಗೆ ಬರುವಾಗ ಒಂದು ಹಸಿರು ಕಲ್ಲು ತಂದು, "ನಿನ್ನ ಹಸರು ಬಳಿಗಳಿಗೆ ಜೋಡಿ" ಎಂದು ಅವಳ ಕೈಗೆ ಹಾಕುತ್ತಿದ್ದ. ಒಂದು ಗಡಿಗೆ ತುಂಬುವಷ್ಟಾದವು.

ಒಂದು ಮಧ್ಯಾಹ್ನ ಬುತ್ತಿ ಹೊತ್ತು ಹೋದವಳಿಗೆ ದಂಡೆಯ ಮಣ್ಣು ಬಿರಿಯುವುದು ಕಂಡಿತು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಯಾರ ಮನೆಯಲ್ಲೂ ಇರಲಿಲ್ಲ. "ಏನ್ರಿ, ಮ್ಯಾಲ ಬರ್ರಿ" ಎಂದು ಕೂಗಿದಳು. ಒಳಗಿದ್ದ ಆಳುಗಳೆಲ್ಲ ತಲೆಯೆತ್ತಿದರು. ಆ ಕಡೆಯ ಮೂಲೆಯಲ್ಲಿ ಕಬ್ಬಿಣದ ಹಾರೆ ಹಾಕುತ್ತಿದ್ದ ಗಂಡನೊಬ್ಬ ಮಾತ್ರ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನಿದ್ದ. ಗೋಡೆ ಕುಸಿದದ್ದು ಅವನ ಮೇಲೆಯೇ.

ಬಾವಿಗೆ ಜಾಲಿಮುಳ್ಳು ಮುಚ್ಚಿದರು. ಆದರೆ ನಡುಹಗಲು, ಊರು ಊಟಕ್ಕೆ ಕೂತ ಹೊತ್ತಿನಲ್ಲಿ, ಅವಳಿಗೆ ಅಲ್ಲಿಂದ ಸಪ್ಪಳ ಕೇಳುತ್ತಿತ್ತು. ಟಣ್. ಸ್ವಲ್ಪ ತಡೆದು, ಟಣ್. ಹಾರೆ ಕಲ್ಲಿಗೆ ಬಿದ್ದರೆ ಸದ್ದು ಮಂದವಾಗಿರುತ್ತದೆ. ಇದು ಹಾಗಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ. ಆಮೇಲೆ ಎಲ್ಲ ಸ್ತಬ್ಧ. ಬೇರೆ ಯಾರಿಗೂ ಕೇಳುತ್ತಿರಲಿಲ್ಲ.

*

ದಾವಲಮಲಿಕ ಮಜ್ಜಿಗೆಗೆಂದು ಮನೆಗೆ ಬರತೊಡಗಿದ. ಕಲ್ಲಿನ ಮಾತು ಮತ್ತೆ ಎತ್ತಲಿಲ್ಲ. ಕಟ್ಟೆಯ ಮೇಲೆ ಕೂತು, ಲೋಟದ ಅಂಚಿನ ಮೇಲಿಂದ ಅವಳನ್ನು ನೋಡುವನು. ಅವಳು ಜೋಳ ಹಸನು ಮಾಡುತ್ತಾ, ನೋಡದವಳಂತೆ ಮೊರವನ್ನು ಅವನ ಕಡೆಗೇ ಕೊಡವುವಳು. ಹೊಟ್ಟೆಲ್ಲ ಹಾರಿ ಅವನ ಮಜ್ಜಿಗೆಗೆ ಬೀಳುವುದು. ಅವನು ಹಾಗೆಯೇ ಕುಡಿಯುವನು.

"ಆ ಕಲ್ಲಿನ ಸಾಹೇಬಗ ಡೇರೆದಾಗ ನೀರಿಲ್ಲೇನು?" ಎಂದಳು ಅತ್ತೆ ಪೀರಬಿ, ಅವನು ಹೋದ ಮೇಲೆ.

"ನಿಮ್ಮ ಮಜ್ಜಿಗಿ ರುಚಿ ಅಂತ್ರಿ ಅತ್ತಿ."

"ಹುಳಿ ಹೊಡದು ನನ್ನ ಇದ್ದ ಹಲ್ಲೂ ಜುಮ್ ಅನ್ನಾಕತ್ತಾವು. ರುಚಿ ಅಂತ." ಮುದುಕಿ ಅಡಕೆ ಕತ್ತರಿಸುತ್ತಾ ದನಿ ತಗ್ಗಿಸಿದಳು. "ಹೋದಾವ ನನ್ನ ಮಗ, ಅಳೂದು ನನ್ನ ಪಾಲು. ನೀ ಇನ್ನೊಂದು ನಿಕಾ ಮಾಡ್ಕೊಂಡ್ರ ಯಾರೂ ಬ್ಯಾಡ ಅನ್ನೂದಿಲ್ಲ."

ಅಷ್ಟರಲ್ಲಿ ಟಣ್ ಎಂದು ಕೇಳಿತು. ಮೆಹರಾಜ ಎದ್ದುಹೋದಳು. ಬೇಡ ಅನ್ನುವವನು ಒಬ್ಬ ಬಾವಿಯಲ್ಲಿ ಇದ್ದನಲ್ಲ.

ಮರುದಿನ ಅವಳೇ ಕೇಳಿದಳು, "ಈ ಹರಳು ಹ್ಯಾಂಗ ಆಗತಾವ್ರಿ?"

"ಭೂಮಿ ಒಳಗ ಕುದಿಯೂ ಕಲ್ಲೆಲ್ಲಾ ಆರಿ ಗಟ್ಟಿಯಾದಮ್ಯಾಲ, ಕಡೀಕ ಸ್ವಲ್ಪ ರಸ ಉಳಿತೈತಿ. ಎಲ್ಲೂ ಸೇರದ್ದೆಲ್ಲಾ ಅದರಾಗ ಇರತೈತಿ. ಬಂಡೆಗಲ್ಲು ಬಿರಿದಲ್ಲೆ ಅದು ಹೊಕ್ಕೊಂಡು ನಿಧಾನ ಆರತೈತಿ. ನಿಧಾನ ಆರಿದ್ದಕ್ಕ ಹರಳು ದೊಡ್ಡದು. ಅಂಥಾ ಕಲ್ಲಿಗೆ ಪೆಗ್ಮಟೈಟ್ ಅಂತೇವಿ."

"ಅಂದ್ರ ಬಿರಿಯದ ಕಲ್ಲಿನ್ಯಾಗ ಸಿಗೂದಿಲ್ಲ."

"ಇಲ್ರಿ," ಎಂದ ಅವಳನ್ನೇ ನೋಡುತ್ತಾ. "ಬಿರಿದಲ್ಲೇ."

ಮೊರ ಅವಳ ಕೈಯಲ್ಲಿ ಸುಮ್ಮನಾಯಿತು.

"ನಾಳೆ ಸಾಹೇಬ್ರು ಬರ್ತಾರ," ಎಂದ. "ತೋರಸಾಕ ಏನೂ ಇಲ್ಲ. ಡೇರೆ ಕೀಳಬೇಕು. ಮುಂದ ಎಲ್ಲಿಗೆ ಹಾಕತಾರೋ ಗೊತ್ತಿಲ್ಲ."

ಅವನು ಹೋಗುತ್ತಾನೆ. ಬಾವಿ ತೋರಿಸಿದರೆ ಉಳಿಯುತ್ತಾನೆ, ಆದರೆ ಅದರೊಳಗೆ ಇಳಿಯುತ್ತಾನೆ. ಆ ಸಂಜೆ ಮೆಹರಾಜಳಿಗೆ ರೊಟ್ಟಿ ಬಡಿಯಲು ಕೈ ಏಳಲಿಲ್ಲ.

*

ಬೆಳಿಗ್ಗೆ ಅವಳೇ ಮುಂದೆ ನಡೆದು ಬಾವಿ ತೋರಿಸಿದಳು. ಪಾರ್ಟಿಯ ಆಳುಗಳ ಮುಕ್ಕದಮ ಮೋದಿನಸಾಬ ಮುಳ್ಳು ಎಳೆಸಿದ, ದಂಡೆಗೆ ಮರದ ಬೊಡ್ಡೆಗಳ ಆಸರೆ ಕೊಡಿಸಿದ, ಹಗ್ಗ ಬಿಗಿದ. ಅಷ್ಟರಲ್ಲಿ ನಡುಹಗಲಾಯಿತು.

"ಸುತ್ತಿಗಿ ಸಪ್ಪಳ ನಿಲ್ಲಸಬ್ಯಾಡ್ರಿ," ಎಂದಳು. "ಕೇಳತಿದ್ರ ನಾ ತಡಕೋತೇನಿ."

"ನಿಲ್ಲಸೂದಿಲ್ಲ," ಎಂದು ಅವನು ಇಳಿದ.

ಕೆಳಗಿನಿಂದ ಸಪ್ಪಳ ಬರತೊಡಗಿತು. ಕಲ್ಲಿನ ಮಂದ ಸದ್ದು, ಒಂದರ ಹಿಂದೊಂದು. ಅವಳು ಹಗ್ಗದ ತುದಿ ಹಿಡಿದು ಕೂತಳು. ಒಮ್ಮೆಲೇ ಸದ್ದು ಬದಲಾಯಿತು.

ಟಣ್.

ಅವಳು ಹಗ್ಗ ಹಿಡಿದೇ ಎದ್ದು ನಿಂತಳು.

ಸ್ವಲ್ಪ ತಡೆದು, ಟಣ್. ಕಬ್ಬಿಣಕ್ಕೆ ಕಬ್ಬಿಣ. ಇಷ್ಟು ದಿನ ಕೇಳಿದ್ದು ಇದೇ ಸಪ್ಪಳ, ಇದೇ ಹೊತ್ತು, ಇದೇ ಎರಡು ಏಟು. ಆಗಿಹೋದದ್ದರ ಸದ್ದಲ್ಲ ಅದು. ಮುಂದೆ ಆಗಲಿರುವುದನ್ನು ಯಾರೋ ಮೊದಲೇ ಕೇಳಿಸುತ್ತಿದ್ದರು. ಎರಡು ಏಟಿನ ಮೇಲೆ ಏನಿರುತ್ತದೆ ಎಂದೂ ಅವಳಿಗೆ ಗೊತ್ತಿತ್ತು.

ಸ್ತಬ್ಧ.

ದಂಡೆಯಿಂದ ಒಂದು ಹಿಡಿ ಮಣ್ಣು ಜಾರಿತು.

"ದಾವಲಮಲಿಕ!"

ಊರ ತನಕ ಕೇಳುವಂತೆ ಕೂಗಿದ್ದಳು. ಮೋದಿನಸಾಬನ ಬೀಡಿ ಬಾಯಿಂದ ಬಿತ್ತು.

"ಇದ್ದೇನಿ," ಎಂದು ಒಳಗಿನಿಂದ ಬಂತು.

"ಮ್ಯಾಲ ಬಾ. ಈಗಿಂದೀಗ ಬಾ, ದಾವಲಮಲಿಕ."

ಹಗ್ಗ ಬಿಗಿಯಿತು. ಅವನು ಮೇಲೆ ಬಂದು ಕಾಲೂರಿದ್ದೇ ತಡ, ಆ ಕಡೆಯ ಮೂಲೆ ಕುಸಿದು ಆಸರೆಯ ಬೊಡ್ಡೆಗಳೂ ಒಳಗೆ ಹೋದವು. ಧೂಳು ಅಡಗಿತು.

ಅವನ ಒಂದು ಕೈಯಲ್ಲಿ ಹಸಿರು ಹರಳು, ಇನ್ನೊಂದರಲ್ಲಿ ತುಕ್ಕು ಹಿಡಿದ ಹಾರೆ.

"ಹರಳಿನ ಪಟ್ಟಿ ಐತಿ, ಒಂದು ಮಾರು ಅಗಲ ಐತಿ," ಎಂದ, ಏದುಸಿರು ಬಿಡುತ್ತಾ. "ಈ ಹಾರಿ ಅದರೊಳಗ ನಟ್ಟಿತ್ತು. ಸುತ್ತಿಗಿಲೆ ಎರಡು ಏಟು ಹಾಕಿದಮ್ಯಾಲ ಸಡಲ ಆತು. ಯಾರದಿದು ಅಂತ ನೋಡಕೋತ ನಿಂತಿದ್ದೆ."

ಮೆಹರಾಜ ಹಾರೆಯನ್ನು ತೆಗೆದುಕೊಂಡಳು. ಗಂಡನ ಕೈ ಹಿಡಿದ ಜಾಗ ಸವೆದು ನುಣುಪಾಗಿತ್ತು. ಬಾವಿಯ ಅಂಚಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಗೋರಿಗೆ ಇಡದೆ ಉಳಿದಿದ್ದ ಕಲ್ಲನ್ನು ಕೆಳಗೆ ಬಿಟ್ಟಳು.

"ಚಾಂದಸಾಬ," ಎಂದಳು.

ಮದುವೆಯಾದಂದಿನಿಂದ ಒಮ್ಮೆಯೂ ನಾಲಿಗೆಗೆ ಬಂದಿರದ ಗಂಡನ ಹೆಸರು. ಬಾವಿ ಅದನ್ನು ಒಂದು ಸಲ ತಿರುಗಿ ಹೇಳಿತು, ಅವಳ ದನಿಗಿಂತ ಸ್ವಲ್ಪ ದಪ್ಪಗೆ. ಆಮೇಲೆ ಸುಮ್ಮನಾಯಿತು.

ದಾವಲಮಲಿಕ ದೂರದಲ್ಲಿ ಕಾದಿದ್ದ. ಅವಳು ಕಣ್ಣೊರೆಸಿಕೊಂಡು ತಿರುಗಿದಾಗ ಹರಳನ್ನು ನಾಲಿಗೆಗೆ ತಾಕಿಸಿ ಬಿಸಿಲಿಗೆ ಹಿಡಿದ. ಅವಳಿಗೆ ಅಳುವಿನಲ್ಲೂ ನಗು ಬಂತು.

"ಊರ ಮುಂದ ನನ್ನ ಹೆಸರು ಹಿಡದ ಕೂಗಿದ್ರಿ," ಎಂದ.

"ನಿಕಾ ಆದಮ್ಯಾಲೂ ಹಂಗ ಕೂಗಾಕಿ ನಾನು," ಎಂದಳು. "ಅತ್ತಿ ಮುಂದ, ಸಂತ್ಯಾಗ, ಎಲ್ಲಾ ಕಡೆ. ಆಮ್ಯಾಲ ನಾಚಿಕಿ ಬಂತು ಅನ್ನಬಾರದು. ಕಬೂಲೇನು?"

"ಕಬೂಲ್," ಎಂದ.

ಮರುದಿನ ನಡುಹಗಲಲ್ಲಿ ಮೆಹರಾಜ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಊರು ಊಟಕ್ಕೆ ಕೂತಿತ್ತು. ಕಿವಿ ತಾನಾಗಿಯೇ ಹೊಲದ ಕಡೆಗೆ ಹೋಗಿ ಬಹಳ ಹೊತ್ತು ಕಾಯಿತು. ಏನೂ ಕೇಳಲಿಲ್ಲ. ಅವಳು ಎದ್ದು ಮಜ್ಜಿಗೆ ಕಡೆಯತೊಡಗಿದಳು.