ಶ್ರಾದ್ಧದ ರಜೆ

1996ರ ನವೆಂಬರ್ 11, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ಕೊಚ್ಚಿಯ ಕ್ರೈಂ ಬ್ರಾಂಚ್ ಕಚೇರಿಗೆ ಒಂದು ದೂರು ಬಂತು. ನಾಲ್ಕು ಪುಟ, ಎಲ್ಲ ಕನ್ನಡದಲ್ಲಿ. ಟಪಾಲು ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತೆಲುಗಿರಬೇಕು ಎಂದು ಗೊಣಗಿ, ಇನ್‌ಸ್ಪೆಕ್ಟರ್ ಕಮಲಾಕ್ಷನ ಮೇಜಿಗೆ ತಳ್ಳಿದ. ಕಮಲಾಕ್ಷ ಕಾಸರಗೋಡಿನವನು. ಕೇರಳ ಪೊಲೀಸಿನಲ್ಲಿ ಹದಿನೆಂಟು ವರ್ಷದ ಸೇವೆ. ಕನ್ನಡದ ಕಾಗದ ಎಲ್ಲಿ ಬಂದರೂ ಅದು ಅವನ ತಲೆಗೇ.

ಬರೆದವರು ಕಲೂರಿನ ಇಂದುಮತಿ. ಅವರ ಗಂಡ ರತ್ನಾಕರ ಕೇಂದ್ರ ಸರಕಾರದ ಮಾದಕ ದ್ರವ್ಯ ತಡೆ ದಳದ ಅಧಿಕಾರಿಯಾಗಿದ್ದರು. 1992ರ ನವೆಂಬರ್ 18ರಂದು ವಿಳಿಂಜಂ ಬಂದರಿನ ಬಂಡೆಗಳ ನಡುವೆ, ಮೈಯಲ್ಲಿ ಏಳು ಇರಿತಗಳೊಡನೆ, ಹೆಣವಾಗಿ ಸಿಕ್ಕಿದ್ದರು. ತಿರುವನಂತಪುರದ ಸೆಷನ್ಸ್ ಕೋರ್ಟು ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಬ್ರೌನ್ ಶುಗರ್ ದಂಧೆಯ ಧಣಿ ಮಾತ್ರ ದೋಣಿ ಹತ್ತಿ ಹೋದವನು ಹೋದ.

"ಕೊಂದವರು ಜೈಲಿನಲ್ಲಿದ್ದಾರೆ," ಎಂದು ಇಂದುಮತಿ ಬರೆದಿದ್ದರು. "ಅವರಿಗೆ ಹೇಳಿಕೊಟ್ಟವರು ಯಾರು? ಆ ದಿನ ಇವರು ವಿಳಿಂಜಂಗೆ ಹೋಗುವುದು ಹೆಂಡತಿಯಾದ ನನಗೇ ಗೊತ್ತಿರಲಿಲ್ಲ. ಇದೊಂದು ತಿಳಿಯದೆ ನನಗೆ ಸಾಯಲಿಕ್ಕೂ ಮನಸ್ಸಿಲ್ಲ."

ಈ ಪ್ರಶ್ನೆಗೆ ನಾಲ್ಕು ವರ್ಷಗಳಿಂದ ಊರೆಲ್ಲ ಉತ್ತರ ಕೊಡುತ್ತಲೇ ಇತ್ತು. ದೆಹಲಿಯ ಮಂತ್ರಿಯೊಬ್ಬನ ಹೆಸರು ರತ್ನಾಕರರ ಡೈರಿಯಲ್ಲಿತ್ತಂತೆ. ಕೊಲಂಬೊದಿಂದ ಆಳು ಬಂದಿದ್ದರಂತೆ. ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದ ನಕ್ಷೆ ಅವರ ಕೈಗೆ ಸಿಕ್ಕಿತ್ತಂತೆ. ಸತ್ತದ್ದು ಅವರೇ ಅಲ್ಲವಂತೆ, ದುಬೈಯಲ್ಲಿ ಯಾರೋ ನೋಡಿದ್ದಾರಂತೆ! ಎಲುಬಿಲ್ಲದ ನಾಲಿಗೆಗೆ ಯಾರು ಅಡ್ಡ ಬರುತ್ತಾರೆ. ಇವುಗಳಲ್ಲಿ ಒಂದು ಕತೆ ಮಾತ್ರ ಬೇರು ಬಿಟ್ಟಿತ್ತು: ಆ ದಿನದ ರಜೆ ಮಂಜೂರು ಮಾಡಿದ ಸೂಪರಿಂಟೆಂಡೆಂಟ್ ಉಪೇಂದ್ರ ಶೆಣೈಯೇ ತನ್ನ ಅಧಿಕಾರಿಯನ್ನು ಮಾರಿಕೊಂಡ ಎಂಬುದು. ಕೋರ್ಟು ಅವರನ್ನು ಏನೂ ಅನ್ನಲಿಲ್ಲ. ಜನ ಬಿಡಲಿಲ್ಲ.

ದೂರು ಬಂದ ಮರುವಾರ, ನವೆಂಬರ್ 18ರಂದು, ಹೆಚ್ಚಿನ ತನಿಖೆಗೆ ಕೋರ್ಟಿನ ಅನುಮತಿ ಸಿಕ್ಕಿತು. ಮರುದಿನ ಕಮಲಾಕ್ಷ ಮತ್ತು ಹೆಡ್ ಕಾನ್‌ಸ್ಟೆಬಲ್ ಸುಬ್ರಾಯ ತಿರುವನಂತಪುರಕ್ಕೆ ಹೋಗಿ ಕೋರ್ಟಿನ ದಾಖಲೆ ಕೋಣೆಯಲ್ಲಿ ಕೂತರು. ಎಫ್‌ಐಆರ್, ಪಂಚನಾಮೆ, ಸಾಕ್ಷಿಗಳ ಹೇಳಿಕೆ, ಒಟ್ಟು ಆರುನೂರ ಹನ್ನೆರಡು ಪುಟ. ಮೂರು ದಿನ ಧೂಳು ಕುಡಿದು ಕಮಲಾಕ್ಷ ಎರಡು ಹೇಳಿಕೆಗಳನ್ನು ನಕಲು ಮಾಡಿಕೊಂಡ.

ಒಂದು, ನಾಲ್ಕನೇ ಸಾಕ್ಷಿ ಪತ್ರೋಸನದು. ಕೊಂದವರ ಗುಂಪಿನಲ್ಲೇ ಇದ್ದು, ಕ್ಷಮೆ ಪಡೆದು ಮಾಫಿಸಾಕ್ಷಿಯಾದವನು. "ಅಪ್ಪನ ಶ್ರಾದ್ಧ ಎಂದು ಆಫೀಸರ್ ಸುಳ್ಳು ರಜೆ ಹಾಕಿದ್ದಾನೆ, ಬುಧವಾರ ಇಲ್ಲಿಗೆ ಬರುತ್ತಾನೆ ಎಂದು ಧಣಿ ಹೇಳಿದ. ಅವನಿಗೆ ಯಾರು ಹೇಳಿದರೋ ತಿಳಿಯದು."

ಇನ್ನೊಂದು, ಹನ್ನೊಂದನೇ ಸಾಕ್ಷಿ, ಅದೇ ದಳದ ಹೆಡ್ ಕ್ಲಾರ್ಕ್ ಯಜ್ಞನಾರಾಯಣ ಭಟ್ಟರದು. "ರಜೆ ಅರ್ಜಿ ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಸೂಪರಿಂಟೆಂಡೆಂಟರಿಗೆ ಹೋಯಿತು. ನಾನು ನೋಡಲಿಲ್ಲ." ಶೆಣೈಯವರ ಕುತ್ತಿಗೆಗೆ ಹಗ್ಗ ಬಿಗಿದದ್ದು ಈ ಎರಡು ಸಾಲು.

ಶೆಣೈ ತಿರುವನಂತಪುರದಲ್ಲಿ ಮಗಳ ಮನೆಯಲ್ಲಿದ್ದರು. ಪಾರ್ಶ್ವವಾಯು ಬಡಿದು ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು.

"ರಜೆ ಅರ್ಜಿಯಲ್ಲಿ ಏನಿತ್ತು?"

"ಅಪ್ಪನ ಶ್ರಾದ್ಧ ಅಂತ."

"ನೀವು ಏನು ತಿಳಿದಿರಿ?"

"ಶ್ರಾದ್ಧ ಅಂತಲೇ ತಿಳಿದೆ. ಅಪ್ಪನ ಶ್ರಾದ್ಧ ಅಂದವನ ಹತ್ತಿರ ಪುರಾವೆ ಕೇಳುತ್ತಾರಾ ಸಾರ್?" ಅವರ ಕಣ್ಣು ತುಂಬಿತು. "ಮೊಮ್ಮಗಳನ್ನು ಶಾಲೆಯಲ್ಲಿ ಕೊಲೆಗಾರನ ಮೊಮ್ಮಗಳು ಅಂತಾರೆ."

ಸಂಜೆ ವಿಳಿಂಜಂನಲ್ಲಿ ಬಲೆ ಹೆಣೆಯುತ್ತಿದ್ದ ಪತ್ರೋಸನೂ ಹಳೆಯದನ್ನೇ ಹೇಳಿದ. ಕಮಲಾಕ್ಷ ಬರಿಗೈಯಲ್ಲಿ ಕೊಚ್ಚಿಗೆ ಮರಳಿದ.

ನವೆಂಬರ್ 26, ಮಧ್ಯಾಹ್ನ. ಸುಬ್ರಾಯ ಒಂದು ಕಾಗದ ಹಿಡಿದು ತಲೆ ಕೆರೆಯುತ್ತ ನಿಂತ.

"ಎಂತ ಮಾರಾಯ?"

"ಗುರುವಾರ ಅಪ್ಪನ ತಿಥಿ ಸಾರ್. ಎರಡು ದಿನ ರಜೆ."

ಕಮಲಾಕ್ಷ ಸಹಿ ಹಾಕಿದ. ಹಾಕಿದ ಮೇಲೆ ಪೆನ್ನು ಹಾಗೇ ಹಿಡಿದು ಕೂತ.

"ಸುಬ್ರಾಯ, ಇದು ನಿಜವಾ?"

"ಅಯ್ಯೋ, ಅಪ್ಪನ ಹೆಸರಲ್ಲಿ ಸುಳ್ಳು ಹೇಳ್ತೇನಾ ಸಾರ್!"

"ಹೇಳಿದರೆ ನನಗೆ ಗೊತ್ತಾಗ್ತದಾ?"

"ನಿಮಗೆ ಹೇಗೆ ಗೊತ್ತಾಗ್ತದೆ? ಊರಿನವರಿಗೆ ಮಾತ್ರ ಗೊತ್ತು."

ಅಷ್ಟೇ. ನಾಲ್ಕು ವರ್ಷ ಎಲ್ಲರೂ ರಜೆಯ ವಿಷಯ ಯಾರಿಗೆ ಗೊತ್ತಿತ್ತು ಎಂದು ಹುಡುಕಿದ್ದರು. ಆ ರಜೆ ಸುಳ್ಳು ಎಂದು ಯಾರಿಗೆ ಗೊತ್ತಿತ್ತು ಎಂದು ಒಬ್ಬನೂ ಕೇಳಿರಲಿಲ್ಲ. ಶೆಣೈ ಶ್ರಾದ್ಧ ಎಂದು ನಂಬಿದ್ದರೆ, ರತ್ನಾಕರ ಕಲೂರಿನ ಮನೆಯಲ್ಲಿರುತ್ತಾರೆ ಎಂದೇ ನಂಬಬೇಕಿತ್ತು.

ಮರುದಿನ ಹನ್ನೊಂದಕ್ಕೆ ಅವನು ಇಂದುಮತಿಯ ಮನೆಯಲ್ಲಿದ್ದ.

"ನಿಮ್ಮ ಮಾವನವರ ತಿಥಿ ಯಾವಾಗ?"

"ಮಾಘ ಬಹುಳ ಪಂಚಮಿ. ಫೆಬ್ರವರಿಯಲ್ಲಿ ಬರ್ತದೆ."

"ನವೆಂಬರಿನಲ್ಲಿ ಅಲ್ಲ?"

"ಅಲ್ಲ. ಗುಟ್ಟಿನ ಕೆಲಸಕ್ಕೆ ಹೋಗುವಾಗ ಸುಳ್ಳು ರಜೆ ಹಾಕುವುದು ಇವರ ಕ್ರಮ. ಕಚೇರಿಯಿಂದಲೂ ಸುದ್ದಿ ಸೋರ್ತದೆ ಅಂತ. ಒಮ್ಮೆ ನನಗೆ ಮಲೇರಿಯಾ ಬರಿಸಿದ್ದರು," ಎಂದು ಇಂದುಮತಿ ನಗಲು ನೋಡಿದರು.

"ತಿಥಿ ಫೆಬ್ರವರಿಯಲ್ಲಿ ಎಂದು ಕೊಚ್ಚಿಯಲ್ಲಿ ಯಾರಿಗೆ ಗೊತ್ತು?"

"ನಮಗಿಬ್ಬರಿಗೆ. ಮತ್ತೆ ಬ್ರಾಹ್ಮಣಾರ್ಥಕ್ಕೆ ಕೂರುವವರಿಗೆ. ಸತ್ತವರ ಜಾಗದಲ್ಲಿ ಒಬ್ಬರನ್ನು ಕೂರಿಸಿ ಬಡಿಸಬೇಕಲ್ಲ. ಇಲ್ಲಿ ನಮ್ಮ ಕ್ರಮ ಗೊತ್ತಿರುವವರು ಯಾರಿದ್ದಾರೆ? ಪ್ರತಿ ವರ್ಷವೂ ಯಜ್ಞಣ್ಣನೇ..."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೆಡ್ ಕ್ಲಾರ್ಕ್ ಯಜ್ಞನಾರಾಯಣ?"

"ಇಲ್ಲ ಸಾರ್. ಅವರಲ್ಲ. ನನ್ನ ಮಗ ಧ್ರುವನ ಕೈ ಹಿಡಿದು ಅಪ್ಪನ ಕ್ರಿಯೆ ಮಾಡಿಸಿದ್ದು ಅವರು. ಇವರ ತಿಥಿಗೂ ಅವರೇ ಕೂರುವುದು. ನನ್ನ ಅರ್ಜಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದು ಅವರು."

"ಈ ಅರ್ಜಿ ಯಾಕೆ ನೀವೇ ಕನ್ನಡದಲ್ಲಿ ಬರೆದಿರಿ?"

"ಈ ಸಲ ಬರೆಯಲ್ಲ ಅಂದರು. ಸಾಕು ಇಂದು, ಅಗೆದಷ್ಟೂ ಮಣ್ಣೇ ಬರುವುದು ಅಂದರು."

ನವೆಂಬರ್ 29ರಂದು ದಳದ ಕಚೇರಿಯಲ್ಲಿ ಇಬ್ಬರು ಪಂಚರ ಎದುರು ಎರಡು ದಾಖಲೆ ವಶಪಡಿಸಿಕೊಳ್ಳಲಾಯಿತು. ರಜೆ ಅರ್ಜಿಯ ಮೂಲ ಪ್ರತಿ. ಕೋರ್ಟಿಗೆ ಹೋದದ್ದು ಮುಂಬದಿಯ ನಕಲು ಮಾತ್ರ. ಹಿಂಬದಿಯಲ್ಲಿ ಯಜ್ಞನಾರಾಯಣರ ಸಣ್ಣ ಸಹಿ, ತಾರೀಕು 16, ಸಮಯ 11.20. ಎರಡನೆಯದು ಎಸ್‌ಟಿಡಿ ಕರೆಗಳ ಪುಸ್ತಕ. ಅದೇ ದಿನ 11.40ಕ್ಕೆ ವಿಳಿಂಜಂನ ಒಂದು ನಂಬರಿಗೆ ಕರೆ, ಬರಹ ಅದೇ ಕೈಯದು. ಅದು ಒಂದು ದಿನಸಿ ಅಂಗಡಿಯ ಫೋನು. ಅಕ್ಕಪಕ್ಕದ ಮನೆಯವರಿಗೆ ಕರೆ ಬಂದರೆ ಅಂಗಡಿಯವಳು ಕೂಗಿ ಕರೆಯುತ್ತಿದ್ದಳು. ಹಿಂಬದಿಯ ಮನೆಯಲ್ಲಿ ಧಣಿಯ ಜತೆ ಇದ್ದ ಹುಡುಗಿಗೆ ಕೊಚ್ಚಿಯಿಂದ ಒಬ್ಬರು ಆಗಾಗ ಫೋನ್ ಮಾಡುತ್ತಿದ್ದರು ಎಂದು ಅಂಗಡಿಯವಳಿಗೆ ಚೆನ್ನಾಗಿ ನೆನಪಿತ್ತು. ಹುಡುಗಿಯ ಹೆಸರು ಮೇಧಾ.

ಡಿಸೆಂಬರ್ 3, ಮಂಗಳವಾರ, ಮಧ್ಯಾಹ್ನ ಮೂರೂವರೆ. ಯಜ್ಞನಾರಾಯಣ ತಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು ದರ್ಭೆ ಹಸನು ಮಾಡುತ್ತಿದ್ದರು. ಒಳಗೆ ಗೋಡೆಯ ಮೇಲೆ ಹಾರ ಹಾಕಿದ ಹುಡುಗಿಯ ಫೋಟೊ.

"ನಾಳೆಗಾ ಭಟ್ರೇ?"

"ಹೌದು. ರತ್ನಾಕರನ ತಿಥಿ. ಕಾರ್ತಿಕ ಬಹುಳ ನವಮಿ."

ಕಮಲಾಕ್ಷ ಅರ್ಜಿಯ ಹಿಂಬದಿ ತೋರಿಸಿದ. "ನೋಡಲಿಲ್ಲ ಎಂದು ಪ್ರಮಾಣ ಮಾಡಿದಿರಿ."

"ಮಾಡಿದೆ."

"11.40ಕ್ಕೆ ವಿಳಿಂಜಂಗೆ ಫೋನ್."

"ಮಾಡಿದೆ. ಪುಸ್ತಕದಲ್ಲಿ ಬರೆಯದೆ ಇರಲಿಕ್ಕೆ ಕೈ ಕೇಳಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ." ಅವರು ಫೋಟೊದ ಕಡೆ ನೋಡಿದರು. "ಮೇಧಾಳನ್ನು ಓದಲಿಕ್ಕೆ ಅಂತ ತಿರುವನಂತಪುರಕ್ಕೆ ಕಳಿಸಿದ್ದು. ಆ ಹಾಳು ಪುಡಿಗೆ ಬಿದ್ದಳು. ಮೊದಲು ಸೇದಿದಳು, ಆಮೇಲೆ ಆ ಗುಂಪಿಗಾಗಿ ಅದನ್ನೇ ಹೊತ್ತಳು. ಆ ಕಾನೂನಿನಲ್ಲಿ ಹತ್ತು ವರ್ಷಕ್ಕೆ ಕಡಿಮೆ ಶಿಕ್ಷೆ ಇಲ್ಲ ಸಾರ್, ಎಷ್ಟು ಫೈಲು ನಾನೇ ಟೈಪ್ ಮಾಡಿದ್ದೇನೆ. ರತ್ನಾಕರ ತಿಂಗಳುಗಟ್ಟಲೆ ವಿಳಿಂಜಂನ ಮೇಲೆ ಕಣ್ಣಿಟ್ಟದ್ದು ನನಗೆ ಗೊತ್ತಿತ್ತು. ಅರ್ಜಿ ನೋಡಿದ ಕೂಡಲೆ ದಿನವೂ ಗೊತ್ತಾಯಿತು. ಬುಧವಾರ ಅಲ್ಲಿರಬೇಡ ಮಗಳೇ, ಅವನು ಅಪ್ಪನ ಶ್ರಾದ್ಧ ಎಂದು ಸುಳ್ಳು ರಜೆ ಹಾಕಿದ್ದಾನೆ, ಹೊರಟು ಬಾ ಎಂದೆ. ಅವಳು ಹೊರಡಲಿಲ್ಲ. ಆ ಧಣಿಗೆ ಹೇಳಿದಳು."

"ರತ್ನಾಕರರಿಗೇ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಅವನೇ ಹೋಗಿ ಅವಳನ್ನು ಎಳೆದು ತರುತ್ತಿದ್ದ." ಮುದುಕರು ದರ್ಭೆಯನ್ನು ಕಟ್ಟಿ ಬದಿಗಿಟ್ಟರು. "ನಾಚಿಕೆಯಾಯಿತು ಸಾರ್. ನನ್ನ ಮಗಳು ಹೀಗೆ ಅಂತ ಹೇಳಲಿಕ್ಕೆ ನಾಚಿಕೆ. ಏಳು ತಿಂಗಳಲ್ಲಿ ಅವಳೂ ಹೋದಳು. ಊರಿಗೆ ಕಾಮಾಲೆ ಎಂದೆವು."

"ಶೆಣೈ?"

"ಅವರ ಹೆಸರು ನಾನು ಎತ್ತಲಿಲ್ಲ. ನಾನು ನೋಡಲಿಲ್ಲ ಎಂದೆ, ಅಷ್ಟೇ. ಉಳಿದದ್ದನ್ನು ಊರು ಕಟ್ಟಿತು. ನಾನು ಸುಮ್ಮನಿದ್ದೆ."

"ಇಷ್ಟೆಲ್ಲ ಆಗಿ ಆ ಎಲೆಯ ಮುಂದೆ ಹೇಗೆ ಕೂತಿರಿ?"

"ಬರುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಲ್ಲ. ಊಟದ ಕೊನೆಗೆ ಹುಡುಗ ಕೇಳ್ತಾನೆ, ತೃಪ್ತಿಯಾಯಿತೇ ಅಂತ. ಅವನ ಅಪ್ಪನ ಜಾಗದಲ್ಲಿ ಕೂತು, ತೃಪ್ತಿಯಾಯಿತು ಅಂತ ನಾನು ಹೇಳಬೇಕು. ಮೂರು ವರ್ಷ ಹೇಳಿದೆ. ಮನೆಗೆ ಬಂದು ತಿಂದದ್ದನ್ನೆಲ್ಲ ಕಾರಿದೆ."

5.10ಕ್ಕೆ ಬಂಧನ ದಾಖಲಾಯಿತು. ಹೊರಡುವ ಮುಂಚೆ ಅವರು ದರ್ಭೆಯ ಕಟ್ಟನ್ನು ಸುಬ್ರಾಯನ ಕೈಗೆ ಕೊಟ್ಟು, ಇಂದುಮತಿಯ ಮನೆಗೆ ಮುಟ್ಟಿಸಿ ಎಂದರು.

ಕಮಲಾಕ್ಷನೂ ಜತೆಗೆ ಹೋಗಿ ವಿಷಯ ಹೇಳಿದ. ಇಂದುಮತಿ ಕೂಗಲಿಲ್ಲ, ಶಪಿಸಲಿಲ್ಲ.

"ಯಜ್ಞಣ್ಣನಿಗೆ ಇಷ್ಟ ಅಂತ ಎರಡು ವಡೆ ಹೆಚ್ಚಿಗೆ ಹಾಕ್ತಿದ್ದೆ," ಎಂದರು. ಆಮೇಲೆ ಗೋಡೆಗೆ ಒರಗಿ ಅತ್ತರು. "ನನ್ನ ಹತ್ತಿರ ಹೇಳಬಾರದಿತ್ತಾ? ಮೇಧಾ ನಾನು ಎತ್ತಿ ಆಡಿಸಿದ ಹುಡುಗಿ. ನಾನೇ ಹೋಗಿ ಕರೆದುಕೊಂಡು ಬರ್ತಿದ್ದೆ. ಇಬ್ಬರೂ ಉಳೀತಿದ್ದರು."

ಡಿಸೆಂಬರ್ 4ರ ಬೆಳಿಗ್ಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಸುಳ್ಳು ಸಾಕ್ಷ್ಯದ ಬಗ್ಗೆ ಸೆಷನ್ಸ್ ಕೋರ್ಟಿಗೆ ಬೇರೆ ವರದಿ ಹೋಯಿತು. ಅದರ ಒಂದು ಪ್ರತಿಯನ್ನು ಕಮಲಾಕ್ಷ ಶೆಣೈಯವರಿಗೂ ಅಂಚೆಗೆ ಹಾಕಿದ. ವರದಿಯಲ್ಲಿ ಪ್ರೇರಣೆ ಎಂಬಲ್ಲಿ ಮೊದಲು 'ಮಗಳನ್ನು ಉಳಿಸಿಕೊಳ್ಳಲು' ಎಂದು ಬರೆದಿದ್ದ. ಅದರ ಮುಂದೆ 'ಮತ್ತು ನಾಚಿಕೆ' ಎಂದು ಸೇರಿಸಿದ್ದ.

ಇಂದುಮತಿಯ ಹೇಳಿಕೆಗೆ ಸಹಿ ಬೇಕಿತ್ತು. ಒಂದು ಗಂಟೆಗೆ ಕಲೂರಿಗೆ ಹೋದಾಗ ಒಳಗೆ ಶ್ರಾದ್ಧ ನಡೆಯುತ್ತಿತ್ತು. ಕೂರಲಿಕ್ಕೆ ಬ್ರಾಹ್ಮಣ ಸಿಕ್ಕಿರಲಿಲ್ಲ. ಮಣೆಯ ಮೇಲೆ ಗಂಟು ಹಾಕಿದ ದರ್ಭೆ ಇಟ್ಟು, ಅದರ ಮುಂದೆ ಬಾಳೆಲೆ ಹಾಕಿ ಬಡಿಸಿದ್ದರು. ಹದಿಮೂರರ ಧ್ರುವ ನೋಟ್‌ಬುಕ್ ನೋಡಿ ಮಂತ್ರ ಓದುತ್ತಿದ್ದ. ಅವನಿಗೆ ಕನ್ನಡ ಓದಲು ಬರುವುದಿಲ್ಲವೆಂದು ಯಜ್ಞನಾರಾಯಣ ಎಲ್ಲವನ್ನೂ ಮಲಯಾಳ ಲಿಪಿಯಲ್ಲಿ ಬರೆದುಕೊಟ್ಟಿದ್ದರು.

"ತೃಪ್ತಿಯಾಯಿತೇ?" ಎಂದು ಹುಡುಗ ಕೇಳಿದ.

ಕೇಳಿ ಕಾದ. ಆಮೇಲೆ ನೋಟ್‌ಬುಕ್ ನೋಡಿದ, ತಾಯಿಯನ್ನು ನೋಡಿದ.

"ಅಮ್ಮೇ, ಇನಿ ಆರಾ ಪರಯ?" ಇನ್ನು ಯಾರು ಹೇಳುವುದು?

ಇಂದುಮತಿ ಸೌಟು ಕೆಳಗಿಟ್ಟರು. "ಇವತ್ತು ಯಾರೂ ಹೇಳುವುದು ಬೇಡ ಮಗ. ಅಪ್ಪ ಊಟ ಮಾಡಲಿ. ನೀನು ಮುಂದಿನ ಪುಟ ಓದು."

ಕಮಲಾಕ್ಷ ಸಹಿಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಸದ್ದು ಮಾಡದೆ ಗೇಟು ಎಳೆದುಕೊಂಡು ಹೊರಟ.