ಎಡಗೈ ಗಂಟು

ಮಾರ್ಚ್ 17, ಮಂಗಳವಾರ ಬೆಳಿಗ್ಗೆ 9.10ಕ್ಕೆ ಸ್ಕಾಲ್‌ವಿಗ್ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ಕಾನ್‌ಸ್ಟೇಬಲ್ ಟ್ರೊಯೆಲ್ಸ್‌ಗೆ ಮೂರು ಹಾಳೆ ಹಿಡಿಯಿತು. ದೂರುದಾರರು ನೇತ್ರ ಬ್ಯಾಂಕಿನ ಮುಖ್ಯಸ್ಥ ಡಾ. ಲಿಂಡ್‌ಹೊಲ್ಮ್. ಕಳುವಾದ ಮಾಲು, ಒಂದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಬಾಟಲಿ ಇದ್ದಲ್ಲೇ ಇದೆ, ಚೀಟಿಯೂ ಇದೆ, ಒಳಗಿರುವುದು ಮಾತ್ರ ಬೇರೆಯದು.

"ಬೇರೇದು ಅಂತ ಹೇಗೆ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಬೊಡಿಲ್ ಹಾಸ್ಟ್ರುಪ್ ಕೇಳಿದಳು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕೊನೆಯ ಸಲ ಜೀವಕೋಶ ಎಣಿಸುತ್ತಾರಂತೆ. ಫೆಬ್ರವರಿ 19ರಂದು ಚದರ ಮಿಲಿಮೀಟರಿಗೆ 2,700 ಇದ್ದದ್ದು ಇವತ್ತು 1,100. ಕತ್ತರಿಸಿದ ಅಂಚಿನ ಅಗಲವೂ ಬೇರೆ. ಪೋಷಕ ದ್ರವದಲ್ಲಿ, ಮೂವತ್ತೊಂದು ಡಿಗ್ರಿಯಲ್ಲಿ ಇಟ್ಟರೆ ಕಾರ್ನಿಯಾ ನಾಲ್ಕು ವಾರ ಜೀವ ಹಿಡಿದಿರುತ್ತದೆ. ಈ ಬಾಟಲಿಗೆ ಇನ್ನು ಎರಡೇ ದಿನ ಉಳಿದಿತ್ತು.

ಅದಕ್ಕಾಗಿ ಕಾದಿದ್ದವನು ಹಾಲ್ಫ್ಡಾನ್, ಬಂದರು ಬೀದಿಯ ಬೇಕರಿಯವನು. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಉಳಿದ ಕಣ್ಣಿನ ಕಾರ್ನಿಯಾ ಹುಣ್ಣಾಗಿ ಕಾಗದದಷ್ಟು ತೆಳ್ಳಗಾಗಿದೆ, ಯಾವ ಗಳಿಗೆಯಲ್ಲಾದರೂ ತೂತಾಗಬಹುದು. ನಾಳೆ ಬೆಳಿಗ್ಗೆ ಎಂಟಕ್ಕೆ ಅವನ ಸರದಿ. ಈ ವಾರ ಬ್ಯಾಂಕಿನಲ್ಲಿ ಕಸಿಗೆ ಒಗ್ಗುವ ಬೇರೆ ಕಾರ್ನಿಯಾ ಇಲ್ಲ.

ಎಫ್‌ಐಆರ್ 10.05ಕ್ಕೆ ದಾಖಲಾಯಿತು. ದಾರಿಯಲ್ಲಿ ಟ್ರೊಯೆಲ್ಸ್ ಡಾಕ್ಟರ ಮೂಗುದನಿ ತೆಗೆದು ಅಣಕಿಸಿದ. "ಮ್ಮೂವತ್ತೊಂದು ಡಿಗ್ರಿ, ಇನ್‌ಸ್ಪೆಕ್ಟರ್. ಮ್ಮೂವತ್ತೆರಡಲ್ಲ."

"ಮೂಗಿನಲ್ಲಿ ಮಾತಾಡಿದ್ದು ಸಾಕು, ಕಣ್ಣಿನ ಕೇಸಿದು," ಎಂದಳು ಬೊಡಿಲ್. ಇಬ್ಬರೂ ನಗಲಿಲ್ಲ.

ಪ್ರಯೋಗಾಲಯದಲ್ಲಿ 10.40ಕ್ಕೆ ಪಂಚನಾಮೆ. ಬೀಗ ಮುರಿದಿಲ್ಲ. ಕೀಲಿ ಇರುವವರು ಮೂವರು: ಡಾಕ್ಟರು, ತಂತ್ರಜ್ಞ ಪ್ರೆಬೆನ್, ತಂತ್ರಜ್ಞೆ ಥೋರಾ ವೆಸ್ಟರ್‌ಗೋರ್. ಗುಲಾಬಿ ದ್ರವದಲ್ಲಿ ಕಾರ್ನಿಯಾ ಒಂದು ಎಳೆ ದಾರಕ್ಕೆ ನೇತಾಡುತ್ತಿತ್ತು. ಬೊಡಿಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಪಕ್ಕದ ಬಾಟಲಿಗಳನ್ನೂ ನೋಡಿದಳು. ಅವಳ ಅಪ್ಪ ಮೀನುಗಾರ, ಅವಳು ಬಲೆಯ ಗಂಟುಗಳ ಮಗ್ಗುಲಲ್ಲೇ ಬೆಳೆದವಳು.

"ಈ ಬಾಟಲಿಗೆ ದಾರ ಕಟ್ಟಿದ್ದು ಯಾರು?"

ಪ್ರೆಬೆನ್ ಪುಸ್ತಕ ತಿರುವಿದ. "ನಾನೇ. ಫೆಬ್ರವರಿ ಹತ್ತೊಂಬತ್ತನೇ ತಾರೀಕು."

"ಇಲ್ಲೊಂದು ಗಂಟು ಹಾಕಿ ತೋರಿಸಿ."

ಪ್ರೆಬೆನ್ ಹಾಕಿದ. ಸುತ್ತು ಬಲಕ್ಕೆ ಬಿತ್ತು. ಬಾಟಲಿಯ ಗಂಟಿನ ಸುತ್ತು ಎಡಕ್ಕಿತ್ತು. ಇಲ್ಲಿ ಎಡಗೈಯವರು ಯಾರು ಎಂದು ಬೊಡಿಲ್ ಕೇಳಿದಳು. ಪ್ರೆಬೆನ್ ತಲೆ ತಗ್ಗಿಸಿ, ಥೋರಾ ಎಂದ. ಆದರೆ ಥೋರಾ ಆ ವಾರ ಕೆಲಸಕ್ಕೇ ಬಂದಿರಲಿಲ್ಲ, ಅವಳ ಗಂಡ ಇವಾರ್ ತೀರಿಕೊಂಡಿದ್ದ. ಅವನು ಕಣ್ಣು ದಾನ ಮಾಡಿದ್ದ. ಅದಕ್ಕೇ ಅವಳು ಆ ಬಾಟಲಿ ಮುಟ್ಟಬಾರದು ಎಂದು ತಾಕೀತಾಗಿತ್ತು.

"ದಾನಿಯ ಹೆಸರು ಬಾಟಲಿ ಮೇಲಿರುತ್ತಾ?"

"ಇಲ್ಲ ಮೇಡಂ, ನಂಬರು ಅಷ್ಟೇ. ಆದ್ರೆ ಆ ವಾರ ಬಂದದ್ದು ಒಂದೇ ಜೋಡಿ."

ಮಧ್ಯಾಹ್ನ 1.20ಕ್ಕೆ ಥೋರಾಳನ್ನು ಠಾಣೆಗೆ ಕರೆತಂದರು. ಐವತ್ತರ ಹೆಂಗಸು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡೇ ಕೂತಳು. ಟ್ರೊಯೆಲ್ಸ್ ರೈ ಬ್ರೆಡ್ಡು, ಕಾಫಿ ತಂದಿಟ್ಟ. ಮುಟ್ಟಲಿಲ್ಲ.

ಬೊಡಿಲ್ ಮೇಜಿನ ಮೇಲೆ ದಾರದ ಎರಡು ಗಂಟುಗಳನ್ನಿಟ್ಟು, ಎಡಕ್ಕೆ ಸುತ್ತಿದ್ದನ್ನು ಮುಂದೆ ತಳ್ಳಿದಳು. "ಇದು ನಿಮ್ಮದಾ?"

"ಹೌದು." ಅವಳು ತಡಮಾಡಲಿಲ್ಲ.

"ಯಾವಾಗ ಬದಲಾಯಿಸಿದ್ರಿ?"

"ಶುಕ್ರವಾರ. ಎಸೆಯೋಕೆ ಇಟ್ಟಿದ್ದ ಒಂದನ್ನು ಅದರಲ್ಲಿ ಕಟ್ಟಿದೆ. ಕೊನೇ ಎಣಿಕೆಯಲ್ಲಿ ಹೇಗೂ ತಿರಸ್ಕಾರ ಆಗುತ್ತೆ, ಹಾಲೆಂಡಿನಿಂದ ಬೇರೆ ತರಿಸ್ತಾರೆ ಅಂದ್ಕೊಂಡೆ. ಯಾವಾಗ್ಲೂ ತರಿಸ್ತಾರೆ."

"ನಾಳೆಯೊಳಗೆ ಅಲ್ಲೂ ಸಿಗಲ್ಲ. ಯಾರಿಗೆ ಬೇಕಿತ್ತು ಗೊತ್ತಾ?"

ಥೋರಾಗೆ ಗೊತ್ತಿರಲಿಲ್ಲ. ಬೊಡಿಲ್ ಹೇಳಿದಳು. ಥೋರಾ ವರ್ಷಗಟ್ಟಲೆ ಪ್ರತಿ ಶನಿವಾರ ಹಾಲ್ಫ್ಡಾನನ ಅಂಗಡಿಯಲ್ಲೇ ಬ್ರೆಡ್ಡು ಕೊಂಡವಳು. ಅವಳು ತಟ್ಟೆಯನ್ನು ನಿಧಾನವಾಗಿ ಆಚೆ ಸರಿಸಿದಳು.

"ಎಲ್ಲಿದೆ?"

"ಬೆಚ್ಚಗಿದೆ," ಎಂದಳು. "ಕರ್ಕೊಂಡು ಹೋಗ್ತೀನಿ."

ಊರಾಚೆ, ಬಾಡಿಗೆ ತೋಟದಲ್ಲಿ ಅವಳದೊಂದು ಮರದ ಗುಡಿಸಲು. 2.35ಕ್ಕೆ ಅಲ್ಲಿಗೆ ಮುಟ್ಟಿದರು. ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿತ್ತು. ಒಳಗೆ ಕೋಳಿಮರಿ ಮಾಡಿಸುವ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು, ಮುಳ್ಳು ಮೂವತ್ತೊಂದರ ಮೇಲೆ. ಟ್ರೊಯೆಲ್ಸ್ ಮುಚ್ಚಳ ಎತ್ತಿದ. ಬಾಟಲಿಯ ದ್ರವ ಗುಲಾಬಿ ಇರಲಿಲ್ಲ. ಹಳದಿ.

"ಸಿಕ್ಕಿತಲ್ಲ ಮೇಡಂ, ಈಗಲೇ ಫೋನ್ ಮಾಡ್ಲಾ? ಎಂಟು ಗಂಟೆಗೆ..."

"ಬೇಡ," ಎಂದದ್ದು ಥೋರಾ. "ಅದಕ್ಕೆ ಸೋಂಕು ಹತ್ತಿದೆ. ಭಾನುವಾರವೇ ತಿರುಗಿತು."

"ಹಳದಿ ಆದ ಬಾಟಲಿನ ಬ್ಯಾಂಕಲ್ಲಿ ಏನು ಮಾಡ್ತೀರಿ?" ಬೊಡಿಲ್ ಕೇಳಿದಳು.

"ಎಸೀತೀವಿ. ನಾನೇ ನೂರಾರು ಎಸೆದಿದ್ದೀನಿ."

"ಇದನ್ನ?"

ಥೋರಾ ಬಾಟಲಿಯ ಕಡೆ ನೋಡಲಿಲ್ಲ. ಬಲಗಣ್ಣಿನದು ಎರಡನೇ ವಾರವೇ ಯಾರಿಗೋ ಹೋಯಿತು, ತಾಕೀತಿದ್ದರೂ ಅದರ ಸಾಗಣೆ ಪೆಟ್ಟಿಗೆಯನ್ನು ತಾನೇ ಕಟ್ಟಿಕೊಟ್ಟೆ ಎಂದಳು. ಇದೊಂದೇ ಉಳಿದಿತ್ತು. ಇದು ದ್ರವದಲ್ಲಿ ಇರುವಷ್ಟು ದಿನ ಇವಾರ್ ಪೂರ್ತಿ ಹೋಗಿಲ್ಲ ಅನ್ನಿಸುತ್ತಿತ್ತು. ಅವನು ಸತ್ತ ದಿನ, ಪದ್ಧತಿಯಂತೆ ಜೀವ ಹೊರಗೆ ಹೋಗಲೆಂದು ನರ್ಸು ಕಿಟಕಿ ತೆರೆಯಲು ಹೋದಾಗ ತಾನು ಅಡ್ಡ ನಿಂತೆ ಎಂದೂ ಹೇಳಿದಳು.

ಬಂಧನದ ಸಮಯ 2.50. ಬಾಟಲಿ, ಪೆಟ್ಟಿಗೆ ಜಪ್ತಿ. ಆಸ್ಪತ್ರೆಗೆ ಫೋನ್ ಮಾಡಿದ ಟ್ರೊಯೆಲ್ಸ್ ಈ ಸಲ ಯಾರ ದನಿಯನ್ನೂ ತೆಗೆಯಲಿಲ್ಲ. ಹಾಲ್ಫ್ಡಾನ್ ಕೇಳಿದ್ದು ಒಂದೇ ಮಾತು, ಮುಂದಿನ ವಾರವಾದರೂ ಆಗುತ್ತಾ ಅಂತ. ಗುರುವಾರ ಬೆಳಿಗ್ಗೆ ಅವನ ಕಣ್ಣು ತೂತಾಯಿತು. ಶನಿವಾರ ಹಾಲೆಂಡಿನಿಂದ ಕಾರ್ನಿಯಾ ಬಂತು, ಹೊಲಿದರು. ಈಗ ಅವನಿಗೆ ಬೆಳಕು ಕಾಣುತ್ತದೆ, ಬೆಳಕಿನಲ್ಲಿ ಏನಿದೆ ಎಂಬುದು ಕಾಣುವುದಿಲ್ಲ.

ಗುಡಿಸಲಿಗೆ ಮೊಹರು ಹಾಕುವ ಮೊದಲು ಬೊಡಿಲ್ ಒಬ್ಬಳೇ ಒಳಗೆ ಹೋಗಿದ್ದಳು. ಟೇಪು ಕಿತ್ತು, ಕಿಟಕಿ ತೆರೆದು, ಒಂದು ನಿಮಿಷ ನಿಂತು ಮತ್ತೆ ಮುಚ್ಚಿದಳು. ಪಂಚನಾಮೆಯಲ್ಲಿ ಅದು ಇಲ್ಲ.