ತೊಳೆದರೂ ಹೋಗದ ಸೊಗಡು

"ಏಯ್... ಏನ್ ಮಾಡ್ತಿದೀಯಾ ನೀನು?"

ಚೈತ್ರಳ ಕೂಗಿಗೆ ಹುಣಸೆ ಮರದ ಕಾಗೆಗಳೂ ಒಮ್ಮೆ ಬಗ್ಗಿ ನೋಡಿದವು.

ನೆಲಮಂಗಲದ ಕಡೆಯ ಮಧುರೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ. ಧನುರ್ಮಾಸದ ಬೆಳಗು. ಮಂಜು ಇನ್ನೂ ಹೊಲಗಳ ಮೇಲೆ ಮಲಗಿಯೇ ಇತ್ತು. ಆ ಮಂಜಿನೊಳಗೆ, ಮರದ ಬುಡದಲ್ಲಿ, ಅವಳು ಹಿಂದೆಂದೂ ನೋಡದ ಹುಡುಗನೊಬ್ಬ ಪ್ಯಾಂಟು ಮಡಿಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ನೀರು ತುಂಬಿದ ದೊಡ್ಡ ಟಬ್. ಟಬ್ಬಿನೊಳಗೆ... ಅವಳ ಗೆಳೆಯರ ಬಳಗದ ಇಡೀ ರಾಶಿ ಅವರೆಕಾಯಿ!

"ತೊಳೀತಿದೀನಿ. ಮಣ್ಣಿತ್ತು. ಸಿಟಿಯವ್ರು ತಗೊಳ್ಳೋದಲ್ವಾ, ಕ್ಲೀನಾಗಿರ್ಲಿ ಅಂತ," ಎಂದ ಅವನು. ಮುಖದಲ್ಲಿ ಏನೋ ಮಹಾ ಉಪಕಾರ ಮಾಡಿದ ಕಳೆ ಬೇರೆ.

ಚೈತ್ರಳಿಗೆ ಅಳು ಬಂತು. ಸಿಟ್ಟು ಬಂದರೂ ಅವಳಿಗೆ ಬರುವುದು ಅಳುವೇ, ಅದೊಂದು ಹಾಳು ಅಭ್ಯಾಸ.

ಅಲ್ಲ, ಅವರೆಕಾಯಿಯನ್ನು ಯಾರಾದರೂ ತೊಳೆಯುತ್ತಾರಾ? ಚಳಿಗಾಲದ ಇಬ್ಬನಿ ಕುಡಿದು ಸಿಪ್ಪೆಯ ಮೇಲೆ ಏಳುವ ಜಿಡ್ಡು ಜಿಡ್ಡಾದ ಘಮ ಇದೆಯಲ್ಲ, ಅದೇ ಸೊಗಡು. ಕೊಳ್ಳುವವರು ಕಾಯಿ ನೋಡುವುದಕ್ಕಿಂತ ಮೊದಲು ಮೂಸುತ್ತಾರೆ. ಸೊಗಡು ತೊಳೆದುಹೋದ ಅವರೆಯನ್ನು ಪುಕ್ಕಟೆ ಕೊಟ್ಟರೂ ಮೂತಿ ತಿರುಗಿಸಿಕೊಂಡು ಹೋಗುತ್ತಾರೆ.

"ಸೊಗಡೆಲ್ಲಾ ನೀರುಪಾಲು ಮಾಡ್ಬಿಟ್ಟೆ... ಯಾರೋ ನೀನು?"

ಅವನು ಟಬ್ಬನ್ನೂ ಅವಳ ತುಂಬಿದ ಕಣ್ಣುಗಳನ್ನೂ ನೋಡಿದ. ಒದ್ದೆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಬೆನ್ನ ಹಿಂದೆ ಅಡಗಿಸಿಕೊಂಡ.

ಅವನು ಬೈರೇಶ್. ನೆಲಮಂಗಲದಲ್ಲಿ ಬೆಳೆದವನು. ದೊಡ್ಡಬಳ್ಳಾಪುರದಲ್ಲಿ ಡಿಗ್ರಿಗೆ ಸೇರಿ, ಈ ಮರದ ಹಿಂದೆಯೇ ಮನೆಯಿರುವ ಅಜ್ಜಿ ಅಮ್ಮಯಮ್ಮನ ಜೊತೆ ಇರಲು ಬಂದಿದ್ದ. ಚೈತ್ರಳ ಗೆಳತಿ ಮಮತ ಹಿಂದಿನ ದಿನವಷ್ಟೇ ಅವನನ್ನು ಬಳಗಕ್ಕೆ ಸೇರಿಸಿಕೊಂಡಿದ್ದಳು. ಪಾಪ, ಮೊದಲ ದಿನವೇ ಎಲ್ಲರಿಗಿಂತ ಮುಂಚೆ ಬಂದು ಕೆಲಸ ಮಾಡಿ ಮೆಚ್ಚಿಸೋಣ ಅಂದುಕೊಂಡಿದ್ದ.

ಬಳಗ ಅಂದರೆ ಕುಂಟೆ ಬಳಗ. ಅಕ್ಕಪಕ್ಕದ ಊರುಗಳ ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರದು. ಊರಾಚೆಯ ಕುಂಟೆಯ, ಅಂದರೆ ಪುಟ್ಟ ಕೆರೆಯ, ಏರಿಯ ಮೇಲೆ ಹೋದ ವರ್ಷ ಅವರು ಹೊಂಗೆ, ನೇರಳೆ ಸಸಿ ನೆಟ್ಟಿದ್ದರು. ಮೇಕೆಗಳು ಬಂದು ಒಂದನ್ನೂ ಬಿಡದೆ ಮೇಯ್ದು ಹೋಗಿದ್ದವು. ಈ ಸಲ ಮುಂಗಾರಿಗೆ ಮುಂಚೆ ಸಸಿಗೊಂದು ಕಬ್ಬಿಣದ ಜಾಲರಿ ಮಾಡಿಸಬೇಕು, ಅದಕ್ಕೆ ದುಡ್ಡು ಬೇಕು. ಚೈತ್ರ ಮನೆ ಮನೆ ಸುತ್ತಿ, ಒಬ್ಬೊಬ್ಬ ರೈತರಿಂದ ಒಂದೊಂದು ಮಂಕರಿ ಅವರೆಕಾಯಿ ಬೇಡಿ ತಂದು ಇದೇ ಮರದಡಿ ರಾಶಿ ಹಾಕಿದ್ದಳು. ಮರುದಿನ, ಭಾನುವಾರ, ಈ ದಾರಿಯಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ಕಾರಿನವರಿಗೆ ಮಾರುವ ಯೋಚನೆ.

ಆ ರಾಶಿಯೇ ಈಗ ಟಬ್ಬಿನಲ್ಲಿ ಈಜಾಡುತ್ತಿತ್ತು.

ಗಲಾಟೆ ಕೇಳಿ ಅಮ್ಮಯಮ್ಮ ಸೆರಗು ಹೊದ್ದುಕೊಂಡು ಹೊರಗೆ ಬಂದರು. ಮೊಮ್ಮಗನ ಘನಕಾರ್ಯ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ಕಾಯಿ ಕೆಟ್ರೇನವ್ವ, ಒಳ್ಗಡೆ ಕಾಳೈತಲ್ಲ. ಸುಲ್ದು ನೆನೆ ಹಾಕ್ರಿ. ನಾಳೀಕ್ ಎಲ್ಲ ಕೂತ್ಕೊಂಡು ಹಿತುಕ್ಬುಡಿ. ಹಿತುಕಿದ ಬೇಳೆ ಅಂದ್ರೆ ಸಿಟಿಯೋರು ಕಾರ್ ನಿಲ್ಸಿ ಇಳೀತಾರೆ," ಎಂದರು.

ಅವರ ಮಾತೇ ನಿಜವಾಯಿತು. ಬರೀ ಕಾಯಿಗೆ ಯಾರೂ ಕೊಡದ ಬೆಲೆಯನ್ನು ಹಿತುಕಿದ ಬೇಳೆಗೆ ಜನ ಚೌಕಾಸಿಯನ್ನೂ ಮಾಡದೆ ಕೊಟ್ಟರು. ಮುಂದಿನ ವಾರದಿಂದ ಬಳಗ ಕಾಯಿ ಮಾರುವುದನ್ನೇ ಬಿಟ್ಟುಬಿಟ್ಟಿತು. ಶನಿವಾರ ಸಂಜೆಯಾದರೆ ಎಲ್ಲರೂ ಅಮ್ಮಯಮ್ಮನ ಜಗಲಿಯ ಮೇಲೆ ಹಾಜರು.

ಅಲ್ಲಿಂದ ಶುರುವಾಯಿತು ನೋಡಿ, ಚೈತ್ರಳ ಕಷ್ಟ.

ಹಿತುಕುವುದಕ್ಕೆ ಗುಂಡಾಗಿ ಕೂರಬೇಕು. ಗುಂಡಾಗಿ ಕೂತರೆ ಎದುರಿಗೆ ಯಾರಾದರೂ ಇರಲೇಬೇಕು. ಯಾಕೋ ಏನೋ, ಪ್ರತಿ ಸಲವೂ ಎದುರಿಗೆ ಅವನೇ ಇರುತ್ತಿದ್ದ. ಅವಳೇ ಆ ಜಾಗ ಹುಡುಕಿ ಕೂರುತ್ತಿದ್ದಳೋ, ಅವನು ಹುಡುಕುತ್ತಿದ್ದನೋ... ಇಬ್ಬರನ್ನೂ ಕೇಳಿದರೆ ಇಲ್ಲ ಎನ್ನುತ್ತಿದ್ದರು.

ಬೈರೇಶನಿಗೆ ಹಿತುಕಲು ಬರುತ್ತಿರಲಿಲ್ಲ. ನೆನೆದ ಕಾಳನ್ನು ಎರಡು ಬೆರಳ ನಡುವೆ ಮೆತ್ತಗೆ ಒತ್ತಿ ಸಿಪ್ಪೆಯಿಂದ ಬೇಳೆ ಬಿಡಿಸಬೇಕು. ಅವನು ಜೋರಾಗಿ ಒತ್ತುತ್ತಿದ್ದ. ಬೇಳೆ ಪಟಕ್ಕನೆ ಹಾರಿ ಒಮ್ಮೆ ಮಮತಳ ಕೊರಳಿಗೆ, ಒಮ್ಮೆ ಅಜ್ಜಿಯ ಎಲೆಅಡಿಕೆ ತಟ್ಟೆಗೆ ಬೀಳುತ್ತಿತ್ತು. ಒಂದು ಸಂಜೆ ಸೀದಾ ಬಂದು ಚೈತ್ರಳ ಕೆನ್ನೆಗೆ ತಗುಲಿ ಮಡಿಲಿಗೆ ಬಿತ್ತು. ಎಲ್ಲರೂ ನಕ್ಕರು. ಅವಳು ಮಾತ್ರ ಆ ಬೇಳೆಯನ್ನು ತಟ್ಟೆಗೆ ಹಾಕಲಿಲ್ಲ, ಯಾರಿಗೂ ಕಾಣದ ಹಾಗೆ ಬಾಯಿಗೆ ಹಾಕಿಕೊಂಡಳು.

ಹಸಿ ಬೇಳೆ ಇಷ್ಟು ಸಿಹಿಯಾಗಿರುತ್ತಾ?

ಸೋಮವಾರ ಕ್ಲಾಸಿನಲ್ಲಿ ಪಾಠ ನಡೆಯುತ್ತಿದ್ದರೆ ಅವಳು ಸುಮ್ಮನೆ ಬೆರಳು ಮೂಸಿಕೊಳ್ಳುತ್ತಿದ್ದಳು. ಎಷ್ಟು ಸೋಪು ಹಾಕಿ ಉಜ್ಜಿದರೂ ಬೆರಳ ತುದಿಯಲ್ಲಿ ಸೊಗಡು ಇದ್ದೇ ಇರುತ್ತಿತ್ತು. ಕಣ್ಣು ಮುಚ್ಚಿದರೆ ಜಗಲಿ, ಇಳಿಬಿಸಿಲು, ಎದುರಿಗೆ ತಲೆ ತಗ್ಗಿಸಿ ಕಾಳಿನ ಜೊತೆ ಜಗಳವಾಡುವ ಅವನು... ಏನಾಗಿದೆ ನಂಗೆ? ಆಗಿರುವುದು ಏನೆಂದು ಅವಳಿಗೂ ಗೊತ್ತಿತ್ತು ಬಿಡಿ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಎಲ್ಲ ಎಡವಟ್ಟಾಯಿತು.

ಹುಣಸೆ ಮರದ ಎದುರಿಗೆ ಸೊಣ್ಣಪ್ಪನ ಟೀ ಅಂಗಡಿ. ಟೀಗಿಂತ ಮೊದಲು ಅಲ್ಲಿ ಕುದಿಯುವುದು ಸುತ್ತಲಿನ ಊರುಗಳ ಸುದ್ದಿ. ಆವತ್ತು ಚೈತ್ರಳ ಅಪ್ಪ ಮುನಿರಾಜ್ ಅಲ್ಲಿ ಗ್ಲಾಸು ಹಿಡಿದು ನಿಂತಿದ್ದರು. ಮಗಳನ್ನು ರಸ್ತೆ ಬದಿ ವ್ಯಾಪಾರಕ್ಕೆ ಬಿಡಲು ಅವರು ಸುಲಭವಾಗಿ ಒಪ್ಪಿರಲಿಲ್ಲ. ಮಾಡುವುದಾದರೆ ಮಾಡು, ಆದರೆ ನನ್ನ ಕಿವಿಗೆ ಒಂದು ಮಾತು ಬಿದ್ದರೂ ಅಲ್ಲಿಗೆ ನಿಲ್ಲಿಸಬೇಕು ಎಂದು ಹೇಳಿಯೇ ಕಳಿಸಿದ್ದರು.

ಅದೇ ಹೊತ್ತಿಗೆ ಬೈರೇಶ್ ಕೈ ಚಾಚಿ, ಚೈತ್ರಳ ಜಡೆಗೆ ಅಂಟಿದ್ದ ಅವರೆ ಸಿಪ್ಪೆಯನ್ನು ಮೆಲ್ಲಗೆ ತೆಗೆದ.

ಅಷ್ಟೇ. ಸಿಪ್ಪೆ ತೆಗೆದ, ಅಷ್ಟೇ!

ಸೊಣ್ಣಪ್ಪನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಆ ಹುಡುಗ ನಿನಗೇನಾಗಬೇಕಮ್ಮ ಎಂದು ರಸ್ತೆಯ ಆಚೆಯಿಂದಲೇ ಕೇಳಿದ. ಅಪ್ಪನೂ ತಿರುಗಿ ನೋಡಿದರು. ಚೈತ್ರ ಅಪ್ಪನ ಮುಖ ನೋಡಿದಳು. ಬಳಗ ನಿಂತುಹೋದರೆ? ಜಗಲಿ ತಪ್ಪಿಹೋದರೆ? ಬಾಯಿಗೆ ಏನು ಬಂತೋ ಅದನ್ನೇ ಅಂದುಬಿಟ್ಟಳು.

"ಅಣ್ಣ... ನಂಗೆ ಅಣ್ಣ ಇದ್ದಂಗೆ."

ಅಪ್ಪ ಸಮಾಧಾನದಿಂದ ಟೀ ಗುಟುಕರಿಸಿದರು. ತಕ್ಕಡಿ ಹಿಡಿದಿದ್ದ ಬೈರೇಶನ ಕೈ ಮಾತ್ರ ಅಲ್ಲೇ ನಿಂತಿತ್ತು. ಅವನು ಅವಳನ್ನೊಮ್ಮೆ ನೋಡಿ, ಕಣ್ಣು ಕೆಳಗೆ ಹಾಕಿ, ಸಿಪ್ಪೆಯನ್ನು ನೆಲಕ್ಕೆ ಬಿಟ್ಟ.

"ತಂಗಿ, ಆ ಕವರ್ ಕೊಡು," ಎಂದ.

ಆ ಒಂದು ಮಾತಿಗೆ ಚೈತ್ರಳ ಜೀವವೇ ಬಾಡಿಹೋಯಿತು.

ಅವಳು ಅಪ್ಪನಿಗೆ ಹೆದರಿ ಹಾಗಂದಳೆಂದು ಅವನಿಗೆ ಹೊಳೆಯಲಿಲ್ಲ. ಅವಳ ಮನಸ್ಸಲ್ಲಿ ನಾನು ಅಷ್ಟೇ, ಇನ್ನು ಆಸೆಯಿಂದ ನೋಡುವುದು ತಪ್ಪು ಎಂದು ಒಳ್ಳೆಯ ಹುಡುಗನಂತೆ ತೀರ್ಮಾನಿಸಿಬಿಟ್ಟ. ಒಳ್ಳೆಯ ಹುಡುಗರ ಕಷ್ಟವೇ ಇದು, ಬಿಡಿಸಿ ಕೇಳುವುದಿಲ್ಲ. ಮುಂದಿನ ಶನಿವಾರದಿಂದ ಜಗಲಿಗೆ ಬರುವುದನ್ನೇ ಬಿಟ್ಟ. ಏರಿಯ ಮೇಲಿನ ಜಾಲಿ ಮುಳ್ಳು ಕಡಿಯುವವರ ಜೊತೆ ಸೇರಿಕೊಂಡ. ಎದುರು ಸಿಕ್ಕಾಗಲೆಲ್ಲ ತಂಗಿ, ಊಟ ಆಯ್ತಾ, ತಂಗಿ, ಬಸ್ ಬಂತು ಎಂದು ಮರ್ಯಾದೆಯಿಂದ ಮಾತಾಡಿಸುತ್ತಿದ್ದ.

ಬೈದಿದ್ರೂ ತಡ್ಕೋತಿದ್ದೆ... ತಂಗಿ ಅಂತೀಯಲ್ಲೋ!

ಅವಳು ಎರಡು ಸಲ ಹೇಳಲು ಹೋದಳು. ಎರಡು ಸಲವೂ ಅಳು ಬಂದು ವಾಪಸಾದಳು. ಅತ್ತ ಚಳಿ ಇಳಿಯುತ್ತಿತ್ತು. ಚಳಿ ಹೋದರೆ ಅವರೆ ಮುಗಿಯಿತು, ಅವರೆ ಮುಗಿದರೆ ಜಗಲಿಯೂ ಇಲ್ಲ, ಹುಣಸೆ ಮರವೂ ಇಲ್ಲ. ಆಮೇಲೆ ಕಾಲೇಜಿನ ಗೇಟಿನಲ್ಲಿ ಎದುರಾದರೂ ತಂಗಿ ಎಂದು ನಕ್ಕು ಹೋಗುತ್ತಾನೆ. ಹಾಗೇ ವರ್ಷಗಟ್ಟಲೆ ನಗುತ್ತಾ ಹೋಗುತ್ತಾನೆ. ಅದನ್ನು ನೆನೆಸಿಕೊಂಡರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಯ ಶನಿವಾರ. ಜಗಲಿಯಲ್ಲಿ ಬೇರೆಯವರು ಇನ್ನೂ ಬಂದಿರಲಿಲ್ಲ. ಚೈತ್ರ ಒಬ್ಬಳೇ ಹಿತುಕುತ್ತಾ ಕೂತಿದ್ದಳು. ಅಮ್ಮಯಮ್ಮ ಬಂದು ಪಕ್ಕದಲ್ಲಿ ಕೂತರು. ಅವಳ ಕೆಂಪಾದ ಕಣ್ಣು ನೋಡಿದರು. ಒಂದು ಹಿಡಿ ಕಾಳು ಎತ್ತಿಕೊಂಡು, "ನನ್ ಮೊಮ್ಮಗನ್ನ ಅಣ್ಣ ಅಂದ್ಯಂತೆ?" ಎಂದು ಕೇಳಿದರು.

ಚೈತ್ರ ಇನ್ನೊಂದು ಕಾಳು ಹಿತುಕಿದಳು.

ಅಜ್ಜಿ ಬಿಡಲಿಲ್ಲ. ನಿಮ್ಮಮ್ಮ ಯಾವ ಊರಿನವಳು, ಯಾರ ಮಗಳು ಎಂದು ಒಂದೊಂದೇ ಬಿಡಿಸಿ ಕೇಳಿದರು. ಅಮ್ಮನ ತವರು ಘಾಟಿಯ ಹತ್ತಿರ, ತಾತನ ಹೆಸರು ಅಪ್ಪಯ್ಯಣ್ಣ ಎಂದು ಚೈತ್ರ ಹೇಳಿದ್ದೇ ತಡ, ಅಜ್ಜಿಯ ಕೈಯಲ್ಲಿದ್ದ ಕಾಳು ಕೆಳಗೆ ಬಿತ್ತು.

"ಅಪ್ಪಯ್ಯಣ್ಣನ ಮೊಮ್ಮಗಳಾ ನೀನು? ಅಯ್ಯೋ ನನ್ ಕಂದ! ಅಪ್ಪಯ್ಯಣ್ಣ ನಂಗೆ ದೊಡ್ಡಪ್ಪನ ಮಗ ಕಣವ್ವ, ಅಣ್ಣ ಆಗ್ಬೇಕು. ಹೋಗೋದು ಬರೋದು ನಿಂತೋಗಿ ಎಷ್ಟೋ ಕಾಲ ಆಯ್ತು. ಅಂಗಾದ್ರೆ ನಿಮ್ಮಮ್ಮ ನನ್ ಮಗಳಿಗೆ, ಬೈರೇಶನ ಅವ್ವಂಗೆ, ಸೋದರಮಾವನ ಮಗಳು. ಬೈರೇಶನಿಗೆ ಅತ್ತೆ."

ಚೈತ್ರಳ ಬೆರಳು ನಿಂತವು. ಅವಳು ಬೇಗ ಬೇಗ ಲೆಕ್ಕ ಹಾಕಿದಳು. ಅಮ್ಮ ಅವನಿಗೆ ಅತ್ತೆಯಾದರೆ... ನಾನು ಅತ್ತೆ ಮಗಳು. ಅವನು ನಂಗೆ...

"ನಂಟಿನ ವರಸೆ ತಪ್ಪಿ ಕರೀಬಾರ್ದವ್ವ," ಎಂದು ಅಜ್ಜಿ ತೀರಾ ಗಂಭೀರವಾಗಿ ಹೇಳಿದರು. ಕಣ್ಣು ಮಾತ್ರ ನಗುತ್ತಿತ್ತು. "ಎಲ್ಲಿ ತಪ್ಪಾಗಿ ಕರೆದ್ಯೋ ಅಲ್ಲೇ ಸರಿಯಾಗಿ ಕರಿ. ಇಲ್ಲಿ ನನ್ ಮುಂದೆ ಅತ್ರೆ ಏನ್ ಬಂತು?"

ಮರುದಿನ ಮಂಜು ತೆಳ್ಳಗಿತ್ತು. ಹುಣಸೆ ಮರದ ಕೆಳಗೆ ಅದೇ ಕೊನೆಯ ವ್ಯಾಪಾರ, ಹಾಗಾಗಿ ಬೈರೇಶನೂ ಬಂದಿದ್ದ. ಅವಳ ಕಡೆ ನೋಡದೆ ಬೇಳೆ ತೂಗುತ್ತಿದ್ದ. ಎದುರಿಗೆ ಅಪ್ಪ ಎಂದಿನಂತೆ ಟೀ ಗ್ಲಾಸು ಹಿಡಿದು ನಿಂತಿದ್ದರು. ಸೊಣ್ಣಪ್ಪ ಒಂದು ಪಾತ್ರೆ ಹಿಡಿದು ರಸ್ತೆ ದಾಟಿ ಬಂದ. ನಿಮ್ಮಣ್ಣನಿಗೆ ಹೇಳಮ್ಮ, ನಮ್ಮನೆಗೂ ಒಂದು ಸೇರು ಹಾಕಲಿ ಎಂದ.

ಚೈತ್ರ ಕೈಯಲ್ಲಿದ್ದ ಕವರ್ ಕೆಳಗಿಟ್ಟಳು. ಅಳು ಎಂದಿನಂತೆ ಬಂತು. ಈ ಸಲ ಅವಳು ಅದನ್ನು ನುಂಗಿಕೊಂಡಳು.

"ಸೊಣ್ಣಪ್ಪಣ್ಣ, ಅವತ್ತು ತಪ್ಪು ಹೇಳ್ಬಿಟ್ಟೆ. ಇವ್ರು ನಂಗೆ ಅಣ್ಣ ಆಗಲ್ಲ."

"ಮತ್ತೇನಾಗ್ಬೇಕು?"

"ಭಾವ ಆಗ್ಬೇಕು."

ಬೈರೇಶ್ ಸುರಿಯುತ್ತಿದ್ದ ಬೇಳೆ ತಕ್ಕಡಿಗೆ ಬೀಳದೆ ಅವನ ಕಾಲ ಮೇಲೆಲ್ಲ ಬಿತ್ತು. ಮಮತ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡಳು. ಸೊಣ್ಣಪ್ಪ ಮುನಿರಾಜ್ ಕಡೆ ತಿರುಗಿದ, ಈಗ ಆಗುತ್ತದೆ ನೋಡು ತಮಾಷೆ ಎನ್ನುವ ಹಾಗೆ.

ಚೈತ್ರ ಅಪ್ಪನನ್ನೇ ನೋಡುತ್ತಾ ನಿಂತಳು. ಇನ್ನು ಕಣ್ಣು ತಗ್ಗಿಸಿದರೆ ಆಡಿದ ಮಾತೂ ಸುಳ್ಳಾಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು.

ಮುನಿರಾಜ್ ರಸ್ತೆ ದಾಟಿ ಬಂದರು. ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು. ಯಾರ ಮಗ ಎಂದು ಕೇಳಿದರು. ಅವನು ತೊದಲುತ್ತಾ, ಅಮ್ಮಯಮ್ಮನ ಮಗಳ ಮಗ ಎಂದ. ಅವರು ಆಕಾಶ ನೋಡಿ, ತುಟಿಯಲ್ಲೇ ಏನೋ ಗುಣಿಸಿ, ಎಣಿಸಿ, ಕೊನೆಗೆ ತಲೆ ಆಡಿಸಿದರು.

"ನಮ್ಮಾವ ಹೇಳ್ತಿದ್ರು, ಅಮ್ಮಯಮ್ಮನೋರು ನಮ್ಮನೆಯವಳ್ಗೆ ಸೋದರತ್ತೆ ಆಗ್ಬೇಕು. ಹೂಂ... ವರಸೆ ಸರಿಯಾಗೇ ಐತೆ ಸೊಣ್ಣಪ್ಪ." ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿದರು. "ವರಸೆ ಎಲ್ಲೂ ಓಡೋಗಲ್ಲ ಕಣಮ್ಮ. ಇಬ್ರೂ ಮೊದ್ಲು ಓದು ಮುಗಿಸ್ರಿ."

ಗದರುತ್ತಾರೆಂದು ಕಾದಿದ್ದ ಚೈತ್ರಳಿಗೆ ಅಪ್ಪನ ಕೈ ತಲೆಯ ಮೇಲೆ ಬಿದ್ದಾಗ, ತಡೆದಿಟ್ಟಿದ್ದ ಅಳುವೆಲ್ಲ ಒಟ್ಟಿಗೇ ಬಂದುಬಿಟ್ಟಿತು.

ಸಂಜೆ ಬಳಗದವರೆಲ್ಲ ಕುಂಟೆಯ ಹತ್ತಿರ ಸೇರಿದರು. ಕಮ್ಮಾರ ಮಾಡಿಕೊಟ್ಟ ಜಾಲರಿಗಳ ಮೊದಲ ಗಾಡಿ ಬಂದು ಏರಿಯ ಮೇಲೆ ಇಳಿದಿತ್ತು. ನೀರಿನ ಮೇಲೆ ಬಿಸಿಲು ಹಳದಿಯಾಗಿ ಹರಡಿತ್ತು. ಗುಂಪು ಮುಂದೆ ಹೋಯಿತು. ಚೈತ್ರ ಹಿಂದೆ ಉಳಿದಳು. ಬೈರೇಶನೂ ಉಳಿದ.

ಇಬ್ಬರೂ ಏರಿಯುದ್ದಕ್ಕೂ ನಡೆದರು. ಸಸಿ ನೆಡಬೇಕಾದ ಗುಂಡಿಗಳನ್ನು ನೋಡುತ್ತಾ, ಒಬ್ಬರನ್ನೊಬ್ಬರು ನೋಡದೆ.

"ಅಜ್ಜಿ ಹೇಳಿದ್ದಕ್ಕೆ ಹಂಗಂದ್ಯಾ?" ಕೊನೆಗೆ ಅವನೇ ಕೇಳಿದ. "ಬರೀ ವರಸೆಗೆ ಅಂದ್ಯಾ?"

"ವರಸೆ ಇಲ್ದಿದ್ರೂ ಅಣ್ಣ ಅಲ್ಲ ಅಂತಿದ್ದೆ. ಅವತ್ತು ಅಪ್ಪಂಗೆ ಹೆದರ್ಕೊಂಡೆ ಕಣೋ. ನೀನು ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿ, ನೀನು ಮತ್ತೆ ಅಣ್ಣ ಅಂದ್ಬಿಟ್ರೆ ಅಂತ ಭಯ ಆಯ್ತು."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವನು ಒಂದು ಜಾಲರಿಗೆ ಒರಗಿ ನಿಂತ.

"ಚೈತ್ರ, ಒಂದ್ ಸುಳ್ಳು ಹೇಳಿದ್ದೆ ನೀನು. ಆ ಮೊದಲ್ನೇ ದಿನ."

"ನಾನಾ? ಏನು?"

"ತೊಳೆದ್ರೆ ಸೊಗಡು ಹೋಗುತ್ತೆ ಅಂತ." ಅವನು ತನ್ನ ಬೆರಳನ್ನು ಮೂಸಿ ನೋಡಿಕೊಂಡ. "ಜಗಲಿಗೆ ಬರೋದ್ ಬಿಟ್ಟ ಮೇಲೆ ದಿನಾ ತೊಳ್ದಿದೀನಿ. ಇನ್ನೂ ಹೋಗಿಲ್ಲ."

ಅವಳು ತನ್ನ ಕೈಯನ್ನು ಅವನ ಕಡೆ ಚಾಚಿದಳು.

"ನಂದೂ ಹೋಗಿಲ್ಲ ಕಣೋ... ಭಾವ."